ಸೆಲೆರಿಯಾಕ್ ನೋಟ್ಸ್: ಬುಡ ಮುಚ್ಚಬೇಡಿ

ಸೆಲೆರಿಯಾಕ್ ಅನ್ನೋ ಗಡ್ಡೆ ತರಕಾರಿ ಬೆಳೆಯೋಕೆ ಹೋಗಿ ಹೋದ ಸಲ ನಂಗೆ ಸಿಕ್ಕಿದ್ದು ಬರೀ ಎಲೆ ಮತ್ತೆ ಬೇರಿನ ಸಿಕ್ಕು, ಈ ಸಲ ಗಡ್ಡೆ ಬಂತು. ಎಲ್ಲಿ ತಪ್ಪಿದ್ದೆ ಅನ್ನೋದು ಮರೆತುಹೋಗೋ ಮುಂಚೆ ಬರೆದಿಡ್ತಿದೀನಿ.

ಇದನ್ನ ಮೂಲಂಗಿ, ಕ್ಯಾರೆಟ್ ಥರ ಬೇರು ಅಂದ್ಕೊಂಡಿದ್ದೇ ನನ್ನ ತಪ್ಪು. ಸೆಲೆರಿನೂ ಇದೂ ಒಂದೇ ಜಾತಿ, ಏಪಿಯಮ್ ಗ್ರೇವಿಯೋಲೆನ್ಸ್. ಸೆಲೆರಿಲಿ ನಾವು ತಿನ್ನೋದು ದಂಟು, ಇದ್ರಲ್ಲಿ ಎಲೆಗೂ ಬೇರಿಗೂ ನಡುವೆ ಇರೋ ಕಾಂಡದ ಬುಡ ಊದ್ಕೊಳ್ಳುತ್ತೆ. ಅಂದ್ರೆ ಗಡ್ಡೆ ಆಗೋ ಜಾಗ ಮಣ್ಣಿನ ಮಟ್ಟದಲ್ಲೇ ಇದೆ, ಆಳದಲ್ಲಲ್ಲ! ನಾನು ಟೊಮೇಟೊ ಸಸಿ ನೆಡೋ ಹಾಗೆ ಕುತ್ತಿಗೆವರೆಗೂ ಹೂತು, ಸಾಲದು ಅಂತ ಆಲೂಗಡ್ಡೆಗೆ ಮಾಡೋ ಥರ ಮಣ್ಣೂ ಏರಿಸಿದ್ದೆ, ಹೂತ ಭಾಗದಿಂದೆಲ್ಲ ಪಕ್ಕದ ಬೇರು ಬಂತು, ಬುಡ ದಪ್ಪ ಆಗ್ಲೇ ಇಲ್ಲ. ಈ ಸಲ ಎಲೆಗಳು ಹುಟ್ಟೋ ಜಾಗ ಮಣ್ಣಿನ ಮೇಲೆ ಕಾಣೋ ಹಾಗೆ ನೆಟ್ಟೆ. ಗಡ್ಡೆ ಊದೋಕೆ ಶುರುವಾದ್ಮೇಲೆ ಕೆಳಗಿನ ಹಳೇ ಎಲೆ ಕಿತ್ತು ಗಡ್ಡೆಯ ಮೇಲ್ಭಾಗ ಬಿಡಿಸಿಟ್ಟೆ. ಮಣ್ಣು ಜರುಗಿ ಬುಡ ಮುಚ್ಚಿದ್ರೆ ಕೈಯಲ್ಲಿ ಸರಿಸಿ, ಅಷ್ಟೇ.

ಬೀಜಕ್ಕೂ ಇದೇ ಸೂತ್ರ. ಮೊಳೆಯೋಕೆ ಬೆಳಕು ಬೇಕು, ಹಂಗಾಗಿ ಒದ್ದೆ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿ ಬಿಡಿ, ಮುಚ್ಚಬೇಡಿ. 2-3 ವಾರ ಆಗುತ್ತೆ, ಸುಮ್ನೆ ಕಾಯ್ಬೇಕು. ಎಳೇ ಸಸಿಗೆ ಬಹಳ ದಿನ 10 ಡಿಗ್ರಿಗಿಂತ ಕಮ್ಮಿ ಚಳಿ ತಾಗಿದ್ರೆ ಗಡ್ಡೆ ಬಿಟ್ಟು ಹೂದಂಟು ಎತ್ಬಿಡುತ್ತೆ. ಗಿಡದಿಂದ ಗಿಡಕ್ಕೆ 30 ಸೆಂ.ಮೀ., ಕಾಂಪೋಸ್ಟ್ ಧಾರಾಳವಾಗಿ, ಮಣ್ಣು ಮಾತ್ರ ಒಂದಿನಾನೂ ಒಣಗೋಕೆ ಬಿಡಬಾರದು. ಬೀಜದಿಂದ ಕೊಯ್ಲಿಗೆ ಆರು ತಿಂಗಳ ಮೇಲೇನೇ.

ಅಡುಗೆ: ಪೀಲರ್ ಸಾಕಾಗಲ್ಲ, ಮೇಲೆ ಕೆಳಗೆ ಕತ್ತರಿಸಿ ನಿಲ್ಲಿಸಿ ಚಾಕುವಲ್ಲಿ ಸಿಪ್ಪೆ ದಪ್ಪಗೆ ಕೊಯ್ರಿ, ಬೇರಿನ ಸಂದಿಯಲ್ಲಿ ಮಣ್ಣು ಕೂತಿರುತ್ತೆ. ಹೋಳು ಬೇಗ ಕಂದಾಗುತ್ತೆ, ನಿಂಬೆರಸದ ನೀರಿಗೆ ಹಾಕಿಡಿ. ಪಿಷ್ಟ ಆಲೂಗಡ್ಡೆಗಿಂತ ತುಂಬಾ ಕಮ್ಮಿ, ಇದೊಂದನ್ನೇ ಬೇಯಿಸಿ ಮಸೆದ್ರೆ ನೀರುನೀರು, ಅರ್ಧಕ್ಕರ್ಧ ಆಲೂಗಡ್ಡೆ ಸೇರಿಸಿದ್ರೆ ಮ್ಯಾಶ್ ಗಟ್ಟಿಯಾಗಿ, ಘಮ್ಮಂತ ಬರುತ್ತೆ. ಹಸಿದೇ ಕಡ್ಡಿಕಡ್ಡಿಯಾಗಿ ಹೆಚ್ಚಿ ಸಾಸಿವೆ ಮಯೋನೀಸಲ್ಲಿ ಕಲಸಿದ್ರೆ ಫ್ರೆಂಚರ ಸೆಲೆರಿ ರೆಮುಲಾಡ್ ಅನ್ನೋ ಸಲಾಡ್, ನಂಗೆ ಇದೇ ಹೆಚ್ಚು ಇಷ್ಟ. ಸೆಲೆರಿ ಅಲರ್ಜಿ ಇರೋರು ಇದನ್ನೂ ಮುಟ್ಟಬಾರದು. ಎಲೆ ಎಸೀಬೇಡಿ, ಘಾಟು ಜಾಸ್ತಿ, ಸೂಪಿನ ಸ್ಟಾಕಿಗೆ ಎರಡೇ ದಂಟು ಸಾಕು.