ಸಿ ಭಾಷೆಯ ಸ್ಟ್ರಿಂಗ್‌ಗಳು: ಕೊನೆಯ ಸೊನ್ನೆಗೂ ಜಾಗ ಬೇಕು

ಸೆಮಿಕೋಲನ್ ಬಿಟ್ಟುಹೋದರೆ ಚಿಂತೆಯಿಲ್ಲ, ಕಂಪೈಲರ್ ಆ ಸಾಲಿನ ಹತ್ತಿರವೇ ನಿಲ್ಲಿಸಿ ಹೇಳುತ್ತದೆ. ನಿಜವಾಗಿ ಕಾಡುವುದು ಕಂಪೈಲ್ ಆಗಿ, ಓಡಿ, ಸರಿಯಾದ ಉತ್ತರವನ್ನೂ ಕೊಟ್ಟುಬಿಡುವ ತಪ್ಪುಗಳು. ಸ್ಟ್ರಿಂಗ್‌ಗಳಲ್ಲಿ, ಅಂದರೆ ಅಕ್ಷರಗಳ ಸಾಲುಗಳಲ್ಲಿ, ಇಂಥವು ತುಂಬಾ ಇರುವುದರಿಂದ ಈ ಟಿಪ್ಪಣಿಯ ಬಹುಪಾಲು ಅದಕ್ಕೇ ಮೀಸಲು.

ಸಿ ಭಾಷೆಯಲ್ಲಿ ಸ್ಟ್ರಿಂಗ್‌ನ ಉದ್ದವನ್ನು ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಕೊನೆಯಲ್ಲಿ ಸೊನ್ನೆ ಮೌಲ್ಯದ ಒಂದು ಬೈಟ್ ಇರುತ್ತದೆ, ಅಷ್ಟೇ ಗುರುತು. ಉದ್ದ ಅಳೆಯುವ ಫಂಕ್ಷನ್ ಸ್ಟ್ರ್‌ಲೆನ್ (strlen) ಆ ಸೊನ್ನೆ ಸಿಗುವವರೆಗೆ ಎಣಿಸುತ್ತದೆ, ಆದರೆ ಸೊನ್ನೆಯನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. "ಕನ್ನಡ" ಎಂಬ ಪದವನ್ನೇ ನೋಡಿ. ಕಣ್ಣಿಗೆ ಮೂರು ಅಕ್ಷರ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕ, ನ, ಹಲಂತ, ನ, ಡ ಎಂದು ಐದು ಸಂಕೇತಗಳು, ಒಂದೊಂದಕ್ಕೂ 3 ಬೈಟ್. ಸ್ಟ್ರ್‌ಲೆನ್ ಕೊಡುವುದು 15, ನಕಲು ಮಾಡಲು ಬೇಕಾದ ಜಾಗ 16. ಮೆಮೊರಿ ಕೇಳಿ ಪಡೆಯುವ ಮ್ಯಾಲಾಕ್‌ಗೆ (malloc) 15 ಎಂದಷ್ಟೇ ಹೇಳಿದರೂ ಪ್ರೋಗ್ರಾಂ ಅನೇಕ ಸಲ ಸುಸೂತ್ರವಾಗಿ ಓಡುತ್ತದೆ, ಏಕೆಂದರೆ ಮ್ಯಾಲಾಕ್ ಸಾಮಾನ್ಯವಾಗಿ ಕೇಳಿದ್ದಕ್ಕಿಂತ ತುಸು ಹೆಚ್ಚೇ ಜಾಗ ತೆಗೆದಿಟ್ಟಿರುತ್ತದೆ. ಓಡಿತು ಎಂಬುದನ್ನು ಸಾಕ್ಷಿಯಾಗಿ ನಂಬಬೇಡಿ. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳೆರಡರಲ್ಲೂ ಇರುವ, ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಓಡಿಸಿದರೆ, ಒಂದು ಬೈಟ್ ಆಚೆ ಬರೆದದ್ದೂ ಸಿಕ್ಕಿಬೀಳುತ್ತದೆ. ಕಲಿಯುವವರು ಇದನ್ನು ಮೊದಲ ವಾರದಿಂದಲೇ ಬಳಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಒಂದು ಸಾಲು ಓದುವ ಹಳೆಯ ಫಂಕ್ಷನ್ ಗೆಟ್ಸ್ (gets) ಅನ್ನು ಮರೆತುಬಿಡಿ. ಓದಿದ್ದನ್ನು ಇಡುವ ಜಾಗ, ಅಂದರೆ ಬಫರ್, ಎಷ್ಟು ದೊಡ್ಡದು ಎಂದು ಕೇಳದೆಯೇ ಅದು ಓದಿ ತುಂಬುತ್ತಿತ್ತು. 1988ರಲ್ಲಿ ತಾನಾಗಿಯೇ ಹರಡಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ಕಂಪ್ಯೂಟರ್‌ಗಳೊಳಗೆ ನುಗ್ಗಿದ ದಾರಿಗಳಲ್ಲಿ ಒಂದು ಇದೇ ಫಂಕ್ಷನ್. 2011ರ ಸಿ ಮಾನಕ ಅದನ್ನು ತೆಗೆದೇ ಹಾಕಿತು. ಬದಲಿಗೆ ಎಫ್‌ಗೆಟ್ಸ್ (fgets) ಬಳಸಿ. ಆದರೆ ಎಂಟರ್ ಒತ್ತಿದಾಗ ಬರುವ ಹೊಸಸಾಲಿನ ಚಿಹ್ನೆಯನ್ನೂ ಅದು ಬಫರ್‌ನಲ್ಲಿ ಉಳಿಸುತ್ತದೆ. ಅದನ್ನು ಅಳಿಸದೆ, ಎರಡು ಸ್ಟ್ರಿಂಗ್‌ಗಳನ್ನು ಹೋಲಿಸುವ ಸ್ಟ್ರ್‌ಸಿಎಂಪಿಗೆ (strcmp) ಕೊಟ್ಟರೆ, ಒಂದೇ ರೀತಿ ಕಾಣುವ ಎರಡು ಹೆಸರುಗಳು ಬೇರೆಬೇರೆ ಎನಿಸಿಕೊಳ್ಳುತ್ತವೆ.

ಮಿತಿ ಹೇಳಿ ಸ್ಟ್ರಿಂಗ್ ನಕಲು ಮಾಡುವ ಸ್ಟ್ರ್‌ಎನ್‌ಸಿಪಿವೈ (strncpy) ಸುರಕ್ಷಿತ ಎಂದು ಹಲವರು ಭಾವಿಸುತ್ತಾರೆ. ಮೂಲ ಸ್ಟ್ರಿಂಗ್ ಕೊಟ್ಟ ಮಿತಿಯಷ್ಟಿದ್ದರೆ ಅಥವಾ ಅದಕ್ಕಿಂತ ಉದ್ದವಿದ್ದರೆ ಅದು ಕೊನೆಯ ಸೊನ್ನೆಯನ್ನು ಹಾಕುವುದೇ ಇಲ್ಲ! ನನಗೆ, ಮಿತಿಯೊಳಗೆ ಬಫರ್‌ಗೆ ಬರಹ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ (snprintf) ಮೇಲು. ಅದು ಸೊನ್ನೆ ಹಾಕುತ್ತದೆ, ಬರಹ ಪೂರ್ತಿ ಹಿಡಿಸಿತೋ ಇಲ್ಲವೋ ಎಂಬುದೂ ಹಿಂದಿರುಗಿಸುವ ಮೌಲ್ಯದಿಂದ ತಿಳಿಯುತ್ತದೆ.

ಇಫ್ ಒಳಗೆ == (ಸಮವೇ ಎಂದು ಕೇಳುವುದು) ಬದಲು = (ಮೌಲ್ಯ ಕೊಡುವುದು) ಬರೆಯುವುದು, ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ (scanf) ವಿಳಾಸ ಸೂಚಿಸುವ & ಮರೆಯುವುದು ಹಳೆಯ ಪರಿಚಿತ ತಪ್ಪುಗಳು. ಕಂಪೈಲರ್‌ನ ಎಚ್ಚರಿಕೆಗಳನ್ನು ಚಾಲೂ ಮಾಡಿಕೊಂಡರೆ ಎರಡೂ ಸಾಮಾನ್ಯವಾಗಿ ಅಲ್ಲೇ ಸಿಗುತ್ತವೆ.

ಅರೇಯನ್ನು ಫಂಕ್ಷನ್‌ಗೆ ಕಳಿಸಿದಾಗ ಅಲ್ಲಿಗೆ ತಲುಪುವುದು ಪಾಯಿಂಟರ್, ಅಂದರೆ ಮೆಮೊರಿ ವಿಳಾಸ, ಮಾತ್ರ. ಆ ಫಂಕ್ಷನ್‌ನೊಳಗೆ ಸೈಜ್‌ಆಫ್ (sizeof, ಬೈಟ್‌ಗಳಲ್ಲಿ ಗಾತ್ರ) ಕೇಳಿದರೆ 64 ಬಿಟ್ ಯಂತ್ರದಲ್ಲಿ ಸಾಮಾನ್ಯವಾಗಿ 8 ಬರುತ್ತದೆ, ಅರೇ ಎಷ್ಟೇ ದೊಡ್ಡದಿರಲಿ. ಗಾತ್ರವನ್ನು ಬೇರೆ ಆರ್ಗ್ಯುಮೆಂಟ್ ಆಗಿ ಕಳಿಸಿ. ಫ್ರೀ (free) ಮೂಲಕ ಮೆಮೊರಿ ಬಿಡುಗಡೆ ಮಾಡಿದ ಪಾಯಿಂಟರ್‌ಗೆ ನಲ್ (NULL, ಎಲ್ಲಿಯೂ ತೋರಿಸದ ಮೌಲ್ಯ) ಕೊಡುವುದು ಒಳ್ಳೆಯ ಅಭ್ಯಾಸವೇ, ಆದರೆ ಅದೇ ವಿಳಾಸ ಇನ್ನೊಂದು ಚರಾಂಶದಲ್ಲಿದ್ದರೆ ಅಲ್ಲಿ ಹಳೆಯ ವಿಳಾಸ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಯಾವ ಮೆಮೊರಿಯನ್ನು ಯಾರು ಬಿಡುಗಡೆ ಮಾಡಬೇಕು ಎಂಬುದನ್ನು ಫಂಕ್ಷನ್‌ನ ಮೇಲಿನ ಕಾಮೆಂಟಿನಲ್ಲಿ ಮೊದಲೇ ಬರೆದಿಡಿ.