ನೆಗೆಟಿವ್ ರಿಪೋರ್ಟ್ ಇದ್ದರೆ ಸಾಲದು

ದೂರದ ಬುಡಕಟ್ಟು ಊರುಗಳಿಗೆ ಹೊರಡುವ ವೈದ್ಯಕೀಯ ತಂಡಗಳು ಪ್ರತಿ ಸಲವೂ ಹೇಳುವ ಮಾತು ಒಂದೇ: "ರಿಪೋರ್ಟ್ ನೆಗೆಟಿವ್ ಬಂದಿದೆಯಲ್ಲ ಡಾಕ್ಟ್ರೇ, ನಾಳೆಯೇ ಹೊರಡೋಣ." ಆ ಆತುರದ ಹಿಂದೆ ಒಳ್ಳೆಯ ಮನಸ್ಸೇ ಇದೆ. ಆದರೆ ರಿಪೋರ್ಟ್ ಹೇಳುವುದು ಇಷ್ಟೇ: ಸ್ವಾಬ್ ತೆಗೆದ ಹೊತ್ತಿಗೆ ಮೂಗಿನಲ್ಲಿ ಪರೀಕ್ಷೆಗೆ ಸಿಗುವಷ್ಟು ವೈರಸ್ ಇರಲಿಲ್ಲ. ನಾಳೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಬಿಡಿಸಿ ಹೇಳುತ್ತೇನೆ. 2020ರ ಕೋವಿಡನ್ನೇ ತೆಗೆದುಕೊಳ್ಳಿ. ಸೋಮವಾರ ಬಸ್ಸಿನಲ್ಲಿ ಸೋಂಕು ತಗುಲಿತು. ಬುಧವಾರ ಸ್ವಾಬ್ ಕೊಟ್ಟರೆ ನೆಗೆಟಿವ್ ಬರುವ ಸಂಭವವೇ ಹೆಚ್ಚು, ಅದು ಲ್ಯಾಬಿನ ತಪ್ಪಲ್ಲ. ಗುರುವಾರ ಪ್ರಯಾಣ. ಶುಕ್ರವಾರ ಊರಿನವರ ಮನೆಯೊಳಗೆ ಕೂತು ಮಾತು. ಜ್ವರವಿಲ್ಲ, ಹಣೆಗೆ ಹಿಡಿಯುವ ಥರ್ಮಾಮೀಟರಿಗೆ ಏನೂ ಸಿಗದು, ಆದರೆ ಉಸಿರಿನಲ್ಲಿ ವೈರಸ್ ಹೊರಬೀಳುತ್ತಿದೆ. ಗಂಟಲು ಕೆರೆಯುವುದು ಶನಿವಾರ. ಅಷ್ಟರಲ್ಲಿ ಮೂರು ಮನೆ ಸುತ್ತಿ ಆಗಿರುತ್ತದೆ.

ಇದಕ್ಕೆ ಮದ್ದು, ಹೊರಡುವ ಮುನ್ನ ಯಾರನ್ನೂ ಸೇರದೆ ಪ್ರತ್ಯೇಕವಾಗಿ ಕೂತು ಕಳೆಯುವ ದಿನಗಳೇ. ಎಷ್ಟು ದಿನ ಎಂಬುದನ್ನು ತೀರ್ಮಾನಿಸುವುದು ವೈರಸ್: ಫ್ಲೂ ಸಾಮಾನ್ಯವಾಗಿ 1ರಿಂದ 4 ದಿನದೊಳಗೆ ತಲೆ ಎತ್ತುತ್ತದೆ, ಆರ್‌ಎಸ್‌ವಿ (ಕೂಸುಗಳನ್ನು ಹೆಚ್ಚು ಕಾಡುವ ಉಸಿರಾಟದ ವೈರಸ್) 2ರಿಂದ 8, ಮೊದಲ ಅಲೆಯ ಕೋವಿಡ್ 14ರವರೆಗೆ. ಆಸ್ಟ್ರೇಲಿಯಾ 2020ರ ಮಾರ್ಚ್‌ನಲ್ಲಿ ದೂರದ ಮೂಲನಿವಾಸಿ ಪ್ರದೇಶಗಳಿಗೆ ಕಾಲಿಡುವ ಮುನ್ನ 14 ದಿನ ಪ್ರತ್ಯೇಕವಾಸ ಕಡ್ಡಾಯ ಮಾಡಿದ್ದು ಈ ಲೆಕ್ಕದಿಂದಲೇ. ಪರೀಕ್ಷೆ ಬೇಕು, ಆದರೆ ಪ್ರತ್ಯೇಕವಾಸದ ಕೊನೆಯಲ್ಲಿ, ಅದರ ಬದಲಿಗಲ್ಲ.

ಕೆಡುವುದು ಎಲ್ಲಿ? ವೈದ್ಯರು, ನರ್ಸುಗಳು ಶಿಸ್ತಾಗಿ ಕೂತಿರುತ್ತಾರೆ. ಡ್ರೈವರ್, ದೋಣಿ ನಡೆಸುವವರು, ಅಡುಗೆಯವರು ಮಾತ್ರ ರಾತ್ರಿ ಮನೆಗೆ ಹೋಗಿ ಬರುತ್ತಾರೆ. ಅವರೂ ತಂಡವೇ. ನಡುವೆ ಹೊಸಬರೊಬ್ಬರು ಸೇರಿಕೊಂಡರೆ ಎಲ್ಲರಿಗೂ ಎಣಿಕೆ ಮತ್ತೆ ಒಂದರಿಂದ. ಡೀಸೆಲ್ ತುಂಬಿಸಲು ನಿಲ್ಲಿಸಿ ಹೋಟೆಲ್ ಒಳಗೆ ಕೂತು ಊಟ ಮಾಡಿದರೆ ಹದಿನಾಲ್ಕು ದಿನವೂ ನೀರಿನಲ್ಲಿ ಮಾಡಿದ ಹೋಮ. ಊಟ, ಇಂಧನ ಜೊತೆಗೇ ಇರಲಿ. ಊರು ತಲುಪಿದ ಮೇಲೂ ಮಾಸ್ಕ್ ಇರಲಿ, ತಪಾಸಣೆ ಬಯಲಲ್ಲಿ ನಡೆಯಲಿ.

ದೂರವೇ ರಕ್ಷಣೆ ಎಂದು ನಂಬುವವರು ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಕಥೆ ಓದಬೇಕು. 1918ರ ನವೆಂಬರ್ 7ರಂದು ಆಕ್ಲೆಂಡ್‌ನಿಂದ ಬಂದ ಟಲೂನ್ ಹಡಗಿನಲ್ಲಿ ಫ್ಲೂ ರೋಗಿಗಳಿದ್ದರೂ ಪ್ರಯಾಣಿಕರನ್ನು ಪಶ್ಚಿಮ ಸಮೋವಾದ ಆಪಿಯಾ ಬಂದರಿನಲ್ಲಿ ಇಳಿಯಲು ಬಿಟ್ಟರು. ಪಶ್ಚಿಮ ಸಮೋವಾದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಜನ ಸತ್ತರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಹಡಗುಗಳನ್ನು ತಡೆದರು. ಅಲ್ಲಿ ಫ್ಲೂನಿಂದ ಒಬ್ಬರೂ ಸಾಯಲಿಲ್ಲ. ಸಮುದ್ರವೂ ಅದೇ, ಜನರೂ ಅವರೇ. ಬ್ರೆಜಿಲ್‌ನಲ್ಲಿ 2020ರಲ್ಲಿ ಮೂಲನಿವಾಸಿಗಳಲ್ಲಿ ಮೊದಲು ದೃಢಪಟ್ಟ ಕೋವಿಡ್ ಪ್ರಕರಣ ಕೊಕಾಮಾ ಸಮುದಾಯದ ಯುವ ಆರೋಗ್ಯ ಕಾರ್ಯಕರ್ತೆಯದು. ಆಕೆ ಜೊತೆಗೆ ಕೆಲಸ ಮಾಡಿದ್ದ ವೈದ್ಯರಿಗೆ ಸೋಂಕಿತ್ತು.

"ಬುಡಕಟ್ಟಿನವರ ದೇಹವೇ ದುರ್ಬಲ" ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೊಸ ವೈರಸ್‌ಗೆ ಪ್ರತಿರೋಧ ಯಾರಲ್ಲೂ ಇಲ್ಲದಿದ್ದಾಗ ಇಡೀ ಊರು ಒಂದೇ ವಾರದಲ್ಲಿ ಮಲಗುತ್ತದೆ. ನೀರು ತರುವವರಿಲ್ಲ, ಒಲೆ ಹಚ್ಚುವವರಿಲ್ಲ, ಕೂಸಿಗೆ ಕುಡಿಸುವವರಿಲ್ಲ. ಬದುಕಬಹುದಾದವರೂ ಆಗ ಆರೈಕೆಯಿಲ್ಲದೆ ಸಾಯುತ್ತಾರೆ. ಆದ್ದರಿಂದ ಔಷಧದ ಪೆಟ್ಟಿಗೆಗಿಂತ ಮೊದಲು ನೀರು, ಗಂಜಿ, ಓಆರ್‌ಎಸ್ ಮನೆಮನೆಗೆ ಮುಟ್ಟಿಸುವವರು ಯಾರು ಎಂದು ನಿಗದಿಯಾಗಲಿ.

ಆಮ್ಲಜನಕದ ಲೆಕ್ಕವನ್ನು ಹೊರಡುವ ಮುನ್ನವೇ ಮಾಡಿ. 7000 ಲೀಟರಿನ ಸಿಲಿಂಡರ್ ನಿಮಿಷಕ್ಕೆ 5 ಲೀಟರಿನಂತೆ ಒಬ್ಬ ರೋಗಿಗೆ ಸುಮಾರು 23 ಗಂಟೆ ಬರುತ್ತದೆ, ಅಷ್ಟೇ. ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಡುವ ಕಾನ್ಸಂಟ್ರೇಟರ್ ಒಯ್ದರೆ ಹಗಲು ರಾತ್ರಿ ವಿದ್ಯುತ್ ಬೇಕು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನೇ ಪೂರ್ತಿ ನಂಬಬೇಡಿ: ಕಪ್ಪು ಚರ್ಮದಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ತಣ್ಣಗಿನ ಬೆರಳಲ್ಲಿ ತಡಬಡಿಸುತ್ತದೆ. ಮಗುವಿನ ಎದೆ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2ರಿಂದ 11 ತಿಂಗಳಿನ ಕೂಸಿಗೆ 50, ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದರೆ ಅದು ವೇಗದ ಉಸಿರಾಟ.

ಪಟ್ಟಣದ ಆಸ್ಪತ್ರೆಗೆ ಕಳಿಸಿದ ರೋಗಿಯೂ ಜೊತೆಗೆ ಹೋದ ಬಂಧುವೂ ಒಂದು ದಿನ ವಾಪಸು ಬರುತ್ತಾರೆ. ನಿಮಗೆ ಹಾಕಿಕೊಂಡ ನಿಯಮವೇ ಅವರಿಗೂ: ಊರಂಚಿನಲ್ಲಿ ಬೇರೆ ಗುಡಿಸಲು, ಬಾಗಿಲಿಗೆ ಊಟ, ಅಷ್ಟೇ ದಿನ. ಗುಡಿಸಲು ಎಲ್ಲಿರಬೇಕೆಂದು ಊರ ಹಿರಿಯರೇ ತೋರಿಸಲಿ, ರೋಗಿ ವಾಹನ ಹತ್ತುವ ಮೊದಲೇ.