ಕೋಲಾರದ ಒಂದು ಮೊಟ್ಟೆ

ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಒಂದು ಪುಟ್ಟ ಮೊಟ್ಟೆಯಿದೆ. ನಮ್ಮ ಕೋಲಾರ ಚಿನ್ನದ ಗಣಿ ಸೀಮೆಯಲ್ಲಿ ಪಶುವೈದ್ಯರಾಗಿದ್ದ ಅರ್ನೆಸ್ಟ್ ಮೀಟನ್ 1917ರಲ್ಲಿ ಅದನ್ನು ಎತ್ತಿಟ್ಟುಕೊಂಡಿದ್ದರು. ದಶಕಗಳ ಕಾಲ ಯಾರ ಕಣ್ಣಿಗೂ ಬೀಳದೆ ಉಳಿದ ಅದು ಜೆರ್ಡಾನ್ಸ್ ಕೋರ್ಸರ್ ಹಕ್ಕಿಯ ಮೊಟ್ಟೆ ಎಂದು ಡಿಎನ್‌ಎ ಪರೀಕ್ಷೆಯಿಂದ ಖಚಿತವಾದದ್ದು 2013ರಲ್ಲಿ. ಈ ಹಕ್ಕಿಯದೆಂದು ದೃಢಪಟ್ಟ ಮೊಟ್ಟೆ ಅದೊಂದೇ.

ವಿಚಿತ್ರವೆಂದರೆ, 1917ರ ಹೊತ್ತಿಗೆ ಪುಸ್ತಕಗಳ ಲೆಕ್ಕದಲ್ಲಿ ಈ ಹಕ್ಕಿ ಕಣ್ಮರೆಯಾಗಿತ್ತು. 1848ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಇದರ ಕೊನೆಯ ದಾಖಲೆ 1900ರದು, ಅನಂತಪುರದ ಬಳಿಯದು. ಆಮೇಲೆ ಪಕ್ಷಿತಜ್ಞ ಸಲೀಂ ಅಲಿಯಂಥವರು ಹುಡುಕಿದರೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಸುಮಾರು 27 ಸೆಂ.ಮೀ. ಉದ್ದದ, ಮಣ್ಣಿನ ಬಣ್ಣದಲ್ಲೇ ಕರಗಿಹೋಗುವ ಜೀವ. ಹಗಲೆಲ್ಲ ಅಡಗಿದ್ದು, ಕತ್ತಲಾದ ಮೇಲೆ ಹುಳುಹುಪ್ಪಟೆ ಹುಡುಕುತ್ತಾ ನೆಲದ ಮೇಲೆ ಓಡಾಡುತ್ತದೆ.

ಕಡಪ ಸೀಮೆಯವರಿಗೆ ಅದು ಕಲಿವಿಕೋಡಿ. ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ. ಕಲಿವಿ ನಮ್ಮ ಕವಳೆ ಹಣ್ಣಿನ ಜಾತಿಯ ಮುಳ್ಳುಗಿಡ. ಹೆಸರಿನಲ್ಲೇ ವಿಳಾಸವಿತ್ತು. 1986ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ (ಬಿಎನ್‌ಎಚ್‌ಎಸ್) ಭರತ್ ಭೂಷಣ್ ರೆಡ್ಡಿಪಲ್ಲಿ ಬಳಿ ಹಕ್ಕಿಯನ್ನು ಮತ್ತೆ ಪತ್ತೆಹಚ್ಚಿದರು ಎಂದು ಬರೆಯುವುದು ರೂಢಿ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಅದನ್ನು ಹಿಡಿದವನು ಆ ಊರಿನ ಬೇಟೆಗಾರ.

ಹಕ್ಕಿಯ ಕುರುಚಲು ನೆಲೆ ಶ್ರೀಲಂಕಮಲ್ಲೇಶ್ವರ ಅಭಯಾರಣ್ಯವಾಯಿತು. 1988ರಲ್ಲಿ ಅಂಚೆಚೀಟಿಯೂ ಬಂತು. ಕುರುಚಲನ್ನು ಕಾಡೆಂದು ಒಪ್ಪುವ ಮನಸ್ಸು ಮಾತ್ರ ಬರಲಿಲ್ಲ. (ಬೇಸಾಯಕ್ಕೆ ಒದಗದ ನೆಲವನ್ನು ನಮ್ಮ ಪಹಣಿಗಳೂ ಖರಾಬು ಎಂದೇ ಕರೆಯುತ್ತವೆ.) 2005ರಲ್ಲಿ, ಕೃಷ್ಣೆಯ ನೀರನ್ನು ಚೆನ್ನೈಗೆ ಒಯ್ಯುವ ತೆಲುಗು ಗಂಗಾ ಯೋಜನೆಯ ಯಂತ್ರಗಳು ಹಕ್ಕಿಯ ನೆಲೆಗೇ ನುಗ್ಗಿ ಕಾಲುವೆ ತೋಡಿದವು. ಪಕ್ಷಿತಜ್ಞರು ದೂರಿದ ಮೇಲೆ ಕಾಲುವೆಯ ದಾರಿ ಬದಲಾಯಿತು.

ಅಷ್ಟರಲ್ಲಿ ಸಂಶೋಧಕ ಪಿ. ಜಗನಾಥನ್ ಮತ್ತು ಸಂಗಡಿಗರು ಕಾಡಿನಲ್ಲಿ ಅಲ್ಲಲ್ಲಿ ನುಣ್ಣನೆಯ ಮಣ್ಣು ಹಾಸಿ, ಬೆಳಿಗ್ಗೆ ಹೆಜ್ಜೆಗುರುತು ನೋಡುವ ಉಪಾಯ ಹೂಡಿದ್ದರು. ಹೆಕ್ಟೇರಿಗೆ 300ರಿಂದ 700 ದೊಡ್ಡ ಪೊದೆಗಳಿರುವ ಜಾಗವೇ ಹಕ್ಕಿಗೆ ಇಷ್ಟ ಎಂದು ತಿಳಿದುಬಂತು. ಪೊದೆ ಒತ್ತಾದರೆ ಓಡಲು ಎಡೆಯಿಲ್ಲ, ಬೋಳಾದರೆ ಅಡಗಲು ಮರೆಯಿಲ್ಲ. ಹಾಗಾಗಿ ಮೇಕೆ ಮೇಯಿಸುವುದು, ಸೌದೆ ಕಡಿಯುವುದು ಮಿತಿಮೀರಿದರೆ ಹೇಗೆ ಕೇಡೋ, ಪೂರ್ತಿ ನಿಂತರೂ ಹಾಗೆಯೇ ಕೇಡಾಗಬಹುದು. ಬೇಲಿ ಹಾಕಿ ಕೈತೊಳೆದುಕೊಳ್ಳಲು ಇಲ್ಲಿ ಆಗದು. ನನ್ನ ಮಟ್ಟಿಗೆ ಇಡೀ ಪ್ರಕರಣದ ಕಗ್ಗಂಟು ಇದೇ.

ಆಮೇಲೆ ವರ್ಷಗಟ್ಟಲೆ ಹಕ್ಕಿಯ ಸುಳಿವಿರಲಿಲ್ಲ. ಮತ್ತೆ ಕಳೆದೇಹೋಯಿತು ಎಂದುಕೊಳ್ಳುತ್ತಿರುವಾಗ, 2025ರ ಆಗಸ್ಟ್‌ನಲ್ಲಿ ಪಕ್ಷಿವೀಕ್ಷಕರ ತಂಡವೊಂದು ಆಂಧ್ರದಲ್ಲಿ ಅದರ ಎರಡು ಸ್ವರದ ಕೂಗನ್ನು ಧ್ವನಿಮುದ್ರಿಸಿಕೊಂಡಿತು.